ಕಲ್ಲುಹಳ್ಳದಲ್ಲಿ ಕೈ ತೊಳೆದವರು

"ಮೂಗಿನಿಂದ ಅಳೀಬೇಕು," ಎಂದ ಪೆಲತ್ಯ.

"ಹೊಕ್ಕಳಿಂದ," ಎಂದ ಮುದುಕ ನಹೂಮ್. "ಮನುಷ್ಯ ಬೆಳೆಯೋದು ಹೊಕ್ಕಳಿಂದ. ತಾಯಿ ಹೊಟ್ಟೇಲಿ ಮೂಗಿಗೇನು ಕೆಲಸ?"

"ಪ್ರಾಣ ಇರೋದು ಮೂಗಲ್ಲಿ, ಗುರುಗಳೇ."

"ಇವನ ಪ್ರಾಣ ಹೋಗಿ ಎಷ್ಟು ಹೊತ್ತಾಯ್ತೋ ಏನೋ. ಇನ್ನು ಮೂಗು ಕಟ್ಕೊಂಡು ಏನು ಮಾಡ್ತೀಯ?"

ಇಬ್ಬರೂ ವಿನೆಗರ್ ಅದ್ದಿದ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡೇ ವಾದಿಸುತ್ತಿದ್ದರು. ನಡುವೆ ಹೆಣ ಬಿಸಿಲಿಗೆ ಬಾಯಿ ತೆರೆದು ಅಂಗಾತ ಬಿದ್ದಿತ್ತು. ನೊಣಗಳು ಮಾತ್ರ ಮೂಗು, ಹೊಕ್ಕಳು ಎಂಬ ಭೇದವಿಲ್ಲದೆ ಎಲ್ಲ ಕಡೆಗೂ ಮುತ್ತಿದ್ದವು.

ಯಾಕೀಮ್ ಅಳತೆಯ ಹಗ್ಗ ಹಿಡಿದು ನಿಂತಿದ್ದ. ಗುರುತಿಲ್ಲದ ಹೆಣವೊಂದು ಬೇತ್ ಅರೋದದ ಹೊಲದಂಚಿನಲ್ಲಿ ಬಿದ್ದಿದೆ ಎಂಬ ಸುದ್ದಿ ಬಂದಾಗ ಯೆರೂಸಲೇಮಿನ ಹಿರೀಸಭೆ ತನ್ನ ಎಪ್ಪತ್ತೊಂದು ಮಂದಿಯಲ್ಲಿ ಈ ಮೂವರನ್ನು ಆರಿಸಿ ಕಳಿಸಿತ್ತು. ಕೊಂದವನು ಯಾರೆಂದು ತಿಳಿಯದಿದ್ದರೆ ಹೆಣದಿಂದ ಹತ್ತಿರದ ಊರಿಗೆ ಅಳೆಯಬೇಕು. ಆ ಊರಿನ ಹಿರಿಯರು ನೊಗ ಹೊರದ ಕಡಸೊಂದನ್ನು ಉಳುಮೆ ಕಾಣದ ಕಲ್ಲುಹಳ್ಳಕ್ಕೆ ಒಯ್ದು, ಅದರ ಕತ್ತು ಕಡಿಸಿ, ಅದರ ಮೇಲೆ ಕೈ ತೊಳೆದುಕೊಂಡು, ಈ ರಕ್ತ ನಮ್ಮದಲ್ಲ ಎಂದು ಹೇಳಬೇಕು. ಅಲ್ಲಿಗೆ ಊರು ಶುದ್ಧ.

ಕಣ್ಣಳತೆಯಲ್ಲಿ ಇದ್ದದ್ದು ಅದೊಂದೇ ಊರು. ಮೂಗಿನಿಂದ ಅಳೆದರೂ ಹೊಕ್ಕಳಿಂದ ಅಳೆದರೂ ಹಗ್ಗ ಹೋಗಿ ಮುಟ್ಟುವುದು ಅಲ್ಲಿಗೇ. ಆದರೂ ವಾದ ಬಿಸಿಲಿನ ಜೊತೆಗೇ ಏರುತ್ತಿತ್ತು. ಹಿರೀಸಭೆಗೆ ಸೇರಿದ ಮೊದಲ ದಿನ ಕೆತ್ತಿದ ಕಲ್ಲಿನ ಆ ಸಭಾಂಗಣದಲ್ಲಿ ಕೂತಾಗ ಯಾಕೀಮ್‌ನ ಮೈ ಜುಮ್ಮೆಂದಿತ್ತು. ಈಗ ಅದೇ ಸಭೆಯ ಇಬ್ಬರು ಹಿರಿಯರು ಹೆಣದ ಎರಡು ಪಕ್ಕ ನಿಂತು ಮೂಗು, ಹೊಕ್ಕಳು ಎಂದು ಕಿತ್ತಾಡುತ್ತಿದ್ದರು.

ಅವನು ಹಗ್ಗ ಕೆಳಗಿಟ್ಟು ಹೆಣದ ಕಾಲಬಳಿ ಮಂಡಿಯೂರಿದ.

"ಏಯ್! ಮುಟ್ಟಬೇಡ ಕಣಯ್ಯ!" ಪೆಲತ್ಯ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. "ಏಳು ದಿನ ಮೈಲಿಗೆ ಆಗ್ತೀಯ!"

ಯಾಕೀಮ್ ಆಗಲೇ ಮುಟ್ಟಿದ್ದ.

ನರೆತ ಗಡ್ಡದ ಮನುಷ್ಯ. ಹೊರಳಿಸಿ ನೋಡಿದರೆ ಬೆನ್ನಿನಲ್ಲಿ, ಹೆಗಲೆಲುಬಿನ ಕೆಳಗೆ, ಒಂದೇ ಒಂದು ಇರಿತ. ಅಂಗಿಯ ಬೆನ್ನೆಲ್ಲ ರಕ್ತ ಹೆಪ್ಪುಗಟ್ಟಿ ಕರ್ರಗೆ ಚರ್ಮದ ಹಾಗೆ ಬಿರುಸಾಗಿತ್ತು. ಅಡಿಯ ಮಣ್ಣಿನಲ್ಲಿ ಒಂದು ತೊಟ್ಟೂ ಇರಲಿಲ್ಲ. ಸುಗ್ಗಿ ಮುಗಿದ ಗೋಧಿಯ ಕೂಳೆ ಒಣಗಿ ಹಳದಿಯಾಗಿಯೇ ನಿಂತಿತ್ತು.

ಚಪ್ಪಲಿಯ ವಾರಿನ ಗಂಟು ವಿಚಿತ್ರವಾಗಿತ್ತು. ತನ್ನ ಕಾಲಿಗೆ ತಾನೇ ಕಟ್ಟಿಕೊಂಡವನ ಗಂಟಿನ ತುದಿ ತನ್ನ ಕಡೆಗೆ ಇರುತ್ತದೆ. ಇದು ಹೊರಕ್ಕೆ ತಿರುಗಿತ್ತು. ಎದುರಿಗೆ ಕೂತು ಯಾರೋ ಕಟ್ಟಿದ ಹಾಗೆ. ಯಾಕೀಮ್ ಗಂಟು ಬಿಚ್ಚಿ ಚಪ್ಪಲಿ ತೆಗೆದ. ಕಾಲು ಊದಿಕೊಂಡು ಹಸಿರುಗಟ್ಟಿತ್ತು. ಆದರೆ ಅಂಗಾಲಲ್ಲಿ ಧೂಳಿಲ್ಲ. ಹಿಮ್ಮಡಿಯ ಬಿರುಕುಗಳನ್ನೂ ಉಜ್ಜಿ ತೊಳೆದಿದ್ದರು. ಬೆರಳ ಸಂದಿಯಲ್ಲಿ ಏನೋ ಮಿಣಮಿಣ ಹೊಳೆಯಿತು. ಇರುವೆಗಳು ಅಲ್ಲಿಗೇ ಸಾಲುಗಟ್ಟಿದ್ದವು.

ಅವನು ಬಗ್ಗಿ ಮೂಸಿದ.

"ಅಯ್ಯೋ ದೇವರೇ!" ಪೆಲತ್ಯ ಮುಖ ತಿರುಗಿಸಿದ. "ನಾಯಿ ಹಾಗೆ ಮೂಸ್ತಾನಲ್ಲ!"

ಕೊಳೆತ ಮಾಂಸದ ವಾಸನೆಯ ಒಳಗಿಂದ, ತಿಪ್ಪೆಯಲ್ಲಿ ಬಿದ್ದ ಹೂವಿನ ಹಾಗೆ, ಇನ್ನೊಂದು ವಾಸನೆ ಬಂತು. ಜಟಾಮಾಂಸಿ. ಅದರ ಜೊತೆ ದಾಲ್ಚಿನ್ನಿ.

ಯಾಕೀಮ್‌ಗೆ ಆ ವಾಸನೆ ಗೊತ್ತಿತ್ತು. ನಿನ್ನೆ ಸಂಜೆ ಊರಿನ ಮುಖ್ಯ ಹಿರಿಯ ಶೆಫತ್ಯನ ಮನೆಯಲ್ಲಿ ಇಳಿದುಕೊಂಡಾಗ, ಅವನ ಮಗ ಅಸಾಯನೇ ಮಂಡಿಯೂರಿ ಮೂವರ ಕಾಲು ತೊಳೆದು ಇದೇ ಎಣ್ಣೆ ಹಚ್ಚಿದ್ದ. ಶೆಫತ್ಯ ಎದೆಯುಬ್ಬಿಸಿ ಹೇಳಿದ್ದ: "ಬಾಬೆಲಿನಿಂದ ಅಪ್ಪನ ಮನೆಗೆ ವಾಪಸ್ಸು ಬರೋವಾಗ ನನ್ನ ಜೊತೆ ಬಂದಿದ್ದು ಎರಡೇ. ತಾಯಿ ಇಲ್ಲದ ಈ ಮಗು, ಮತ್ತೆ ಈ ಎಣ್ಣೆ ಬೆರೆಸೋ ವಿದ್ಯೆ. ಈ ನಾಡಲ್ಲಿ ಇನ್ಯಾರ ಮನೇಲೂ ಇದು ಸಿಗಲ್ಲ, ರಬ್ಬಿ."

ಆ ವಾಸನೆಯಲ್ಲೇ ಯಾಕೀಮ್ ರಾತ್ರಿ ಹಾಯಾಗಿ ನಿದ್ದೆ ಮಾಡಿದ್ದ. ಈಗ ತನ್ನದೇ ಕಾಲುಗಳು ಇನ್ನೂ ಅದನ್ನು ಬೀರುತ್ತಿರುವುದು ಗೊತ್ತಾಯಿತು. ಸತ್ತವನ ಕಾಲಿಗೂ ತನ್ನ ಕಾಲಿಗೂ ಒಂದೇ ಎಣ್ಣೆ. ಯಾಕೀಮ್ ಎದ್ದು ಹೊಲದ ಬದುವಿನಲ್ಲಿ ಕೂತು, ಚಪ್ಪಲಿ ಕಳಚಿ, ಬಿಸಿ ಮರಳು ತೆಗೆದು ಪಾದಗಳನ್ನು ಉಜ್ಜತೊಡಗಿದ. ಚರ್ಮ ಕೆಂಪಾಗಿ ಉರಿಯತೊಡಗಿದರೂ ವಾಸನೆ ಹೋಗಲಿಲ್ಲ.

"ಬಿಸಿಲು ತಲೆಗೆ ಏರಿದೆ ಇವನಿಗೆ," ಎಂದ ಪೆಲತ್ಯ. "ಮೂಗಿಂದಲೇ ಅಳೀರಿ, ಮುಗಿಸೋಣ."

ಹಗ್ಗ ಹೋಗಿ ಬೇತ್ ಅರೋದದ ಗೋಡೆಗೆ ಮುಟ್ಟಿತು. ಹೆಣವನ್ನು ಬಿದ್ದಲ್ಲೇ ಗುಳಿ ತೋಡಿ ಹೂತರು. ಹೆಸರು ಹೇಳಿ ಅಳುವುದಕ್ಕೆ ಯಾರೂ ಇರಲಿಲ್ಲ, ಹೆಸರೇ ಗೊತ್ತಿರಲಿಲ್ಲ.

ಊರಿನ ಅಂಚಿನ ಮೊದಲ ಮನೆಯ ಮುಂದೆ ಗಲಾಟೆ ನಡೆದಿತ್ತು. ಇಬ್ಬರು ಆಳುಗಳು ಕೆಂದು ಬಣ್ಣದ ಕಡಸೊಂದನ್ನು ಹಗ್ಗ ಹಾಕಿ ಎಳೆಯುತ್ತಿದ್ದರು. ಹೊಗ್ಲಾ ಎಂಬ ಮುದುಕಿ ಅದರ ಕೊರಳು ತಬ್ಬಿ ಅದರ ಜೊತೆಗೇ ಎಳೆದಾಡಿಸಿಕೊಳ್ಳುತ್ತಿದ್ದಳು.

"ಬಿಡು ಹೊಗ್ಲಾ. ಊರಿನ ಕೆಲಸಕ್ಕೆ ಬೇಕು."

"ಊರಿಗೆ ನನ್ನ ಕಡಸೇ ಬೇಕಾಯ್ತಾ? ಶೆಫತ್ಯನೋರ ಹಟ್ಟೀಲಿ ದನಕ್ಕೆ ಬರವಾ?"

"ಅವೆಲ್ಲಾ ನೊಗ ಕಂಡಿರೋವು ಕಣಮ್ಮ. ನೊಗ ಕಾಣದ ಕತ್ತು ಬೇಕಂತೆ."

"ನೊಗ ಕಾಣದ ಕತ್ತು ತಾನೇ? ನಿಮ್ಮ ಯಜಮಾನ್ರ ಕತ್ತು ಇಲ್ವಾ? ಅದಕ್ಕಿಂತ ನುಣ್ಣಗಿರೋ ಕತ್ತು ಈ ಊರಲ್ಲಿ ಯಾವುದದೆ?"

ಒಬ್ಬ ಆಳಿಗೆ ನಗು ತಡೆಯಲಾಗಲಿಲ್ಲ. ಇನ್ನೊಬ್ಬ ಅವನ ಪಕ್ಕೆಗೆ ತಿವಿದ.

ಯಾಕೀಮ್ ದೂರದಲ್ಲೇ ನಿಂತು ಅವಳನ್ನು ಕೂಗಿದ. "ಅವ್ವಾ, ಹತ್ತಿರ ಬರಬೇಡ, ನಾನು ಮೈಲಿಗೆ. ಒಂದು ಮಾತು ಕೇಳ್ತೀನಿ. ಹೊಲದ ದಾರಿಗೆ ನಿನ್ನ ಮನೆಯೇ ಕೊನೇದು. ಆ ಹೆಣ ಸಿಕ್ಕಿದ ದಿನ ಈ ದಾರೀಲಿ ಯಾರಾದ್ರೂ ಹೋಗಿದ್ದನ್ನ ನೋಡಿದ್ಯಾ?"

ಹೊಗ್ಲಾ ಆಳುಗಳ ಕಡೆ ನೋಡಿದಳು. ಅವರ ನಗು ನಿಂತಿತ್ತು.

"ನಾನು ಮುದುಕಿ, ಸ್ವಾಮಿ. ಗಂಡ ಸತ್ತ ಮೇಲೆ ಅತ್ತು ಅತ್ತು ಕಣ್ಣೆಲ್ಲಾ ಮಂಜು."

ಹಾಗೆಂದವಳು ಕಡಸಿನ ಕಿವಿಯೊಳಗೆ ಕಚ್ಚಿಕೊಂಡಿದ್ದ ಎಳ್ಳುಕಾಳಿನಷ್ಟು ಉಣ್ಣೆಹುಳವನ್ನು ಉಗುರಿನಲ್ಲಿ ಹಿಡಿದು ಕಿತ್ತು ನೆಲಕ್ಕೆ ಎಸೆದಳು.

ಎಳ್ಳುಕಾಳು ಕಾಣುವ ಕಣ್ಣಿಗೆ ಮಂಜೆಲ್ಲಿ, ಎಂದುಕೊಂಡ ಯಾಕೀಮ್. ಕಂಡಿದ್ದಾಳೆ. ಕಂಡದ್ದನ್ನು ನುಂಗಿಕೊಂಡಿದ್ದಾಳೆ. ಆಳುಗಳು ಕಡಸನ್ನು ಎಳೆದೊಯ್ದರು. ಅದು ತಿರುಗಿ ತಿರುಗಿ ನೋಡುತ್ತ ಹೋಯಿತು.

ಶೆಫತ್ಯನ ಮನೆಯಲ್ಲಿ ಅವನನ್ನು ಬಾಗಿಲಲ್ಲೇ ತಡೆದರು. ಹೆಣ ಮುಟ್ಟಿದವನು ಹೊಸಿಲು ದಾಟುವಂತಿರಲಿಲ್ಲ. ಒಳಗೆ ಪೆಲತ್ಯ, ನಹೂಮ್ ಊಟಕ್ಕೆ ಕೂತಾಗಿತ್ತು. ಹುರಿದ ಕುರಿಮಾಂಸದ ಗಮ, ಬಿಸಿ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಮಸೂರ ಬೇಳೆ. ಪೆಲತ್ಯ ಮೂಳೆ ಚೀಪುವ ಸದ್ದು ಬೀದಿಗೆ ಕೇಳುತ್ತಿತ್ತು.

ಶೆಫತ್ಯ ಹೊರಗೆ ಬಂದು ಹೊಸಿಲಿನ ಒಳಗೇ ನಿಂತ. ನೀಳವಾದ, ನೀಟಾದ ಮನುಷ್ಯ, ಬಾಚಿದ ಗಡ್ಡ, ಮಲ್ಲಿಗೆಯಷ್ಟು ಬಿಳಿಯ ಅಂಗಿ. ಮೂಗಿಗೆ ಕರವಸ್ತ್ರ ಹಿಡಿದಿದ್ದ.

"ಊಟ ಹೊರಗೇ ಕಳಿಸ್ತೀನಿ, ರಬ್ಬಿ. ತಪ್ಪು ತಿಳೀಬೇಡಿ. ಮಡಿ ಅಂದ್ರೆ ಮಡಿ."

"ಊಟ ಬೇಡ. ಆ ಮನುಷ್ಯ ನಿಮ್ಮ ಮನೆಗೆ ಯಾವಾಗ ಬಂದ?"

"ಯಾವ ಮನುಷ್ಯ?"

"ಈಗ ತಾನೇ ಹೂತು ಬಂದ್ವಲ್ಲ, ಅವನು."

"ಅವನ ಮುಖಾನೇ ನಾವು ಕಂಡಿಲ್ಲ ಅಂತ ನಿನ್ನೆ ಹೇಳಿದೆನಲ್ಲ. ಊರಿನ ಹಿರಿಯರೆಲ್ಲಾ ಹೇಳಿದ್ರು."

"ಎಲ್ಲಾರೂ ಹೇಳಿದ್ರು. ಒಂದು ಅಕ್ಷರ ಆಚೀಚೆ ಇಲ್ಲದ ಹಾಗೆ. ಪಾಠ ಒಪ್ಪಿಸೋ ಮಕ್ಕಳೂ ಅಷ್ಟು ಚೆನ್ನಾಗಿ ಒಪ್ಪಿಸಲ್ಲ."

ಶೆಫತ್ಯ ನಕ್ಕ. "ಹಿರೀಸಭೆಯೋರು ತಮಾಷೆ ಮಾಡ್ತೀರಿ."

"ಅವನ ಕಾಲು ಯಾರೋ ತೊಳೆದಿದ್ದಾರೆ. ಎಣ್ಣೆ ಹಚ್ಚಿದ್ದಾರೆ."

"ಎಣ್ಣೆ ಯಾರ ಮನೇಲಿಲ್ಲ?"

"ದಾಲ್ಚಿನ್ನಿ ಬೆರೆಸಿದ ಎಣ್ಣೆ. ಈ ನಾಡಲ್ಲಿ ಇನ್ಯಾರ ಮನೇಲೂ ಸಿಗಲ್ಲ ಅಂದೋರು ನೀವೇ."

ಕರವಸ್ತ್ರ ನಿಧಾನವಾಗಿ ಮೂಗಿನಿಂದ ಇಳಿಯಿತು. ಶೆಫತ್ಯನ ಮುಖದಲ್ಲಿ ಹೆದರಿಕೆ ಕಾಣುತ್ತದೆಂದು ಯಾಕೀಮ್ ಕಾದ. ಕಂಡದ್ದು ಹೇಸಿಗೆ.

"ಹೆಣದ ಕಾಲು ಮೂಸಿದ್ರಾ ನೀವು?"

"ಮೂಸಿದೆ."

"ಥೂ." ಅವನು ನಿಜವಾಗಿಯೂ ಪಕ್ಕಕ್ಕೆ ತಿರುಗಿ ಉಗುಳಿದ. ಆಮೇಲೆ ಬಾಯಿ ಒರೆಸಿಕೊಂಡು ದನಿ ತಗ್ಗಿಸಿದ. "ಸರಿ. ಬಂದಿದ್ದ. ಯಾರೋ ದಾರಿಹೋಕ. ಕಾಲು ತೊಳೆಸ್ದೆ, ಊಟ ಹಾಕ್ಸ್ದೆ. ಹೊತ್ತು ಮುಳುಗೋ ಮುಂಚೆ ಹೋಗ್ತೀನಿ ಅಂದ, ಹೋದ. ದಾರೀಲಿ ಕಳ್ಳರ ಕೈಗೆ ಸಿಕ್ಕಿರ್ಬೇಕು."

"ಜೊತೆಗೆ ಯಾರನ್ನ ಕಳಿಸಿದ್ರಿ?"

"ಅದೇ ಆಗಿದ್ದು ತಪ್ಪು. ಯಾರನ್ನೂ ಕಳಿಸಲಿಲ್ಲ." ಶೆಫತ್ಯ ತಲೆ ತಗ್ಗಿಸಿದ. "ಮನೆಗೆ ಬಂದೋನನ್ನ ಒಂಟಿಯಾಗಿ ದಾರಿಗೆ ಅಟ್ಟಿದ ಅಂತ ಊರು ಆಡ್ಕೊಳ್ಳಲ್ವಾ? ನಾಚಿಕೆ ಆಯ್ತು, ಬಾಯಿ ಮುಚ್ಚಿಕೊಂಡೆ. ಇಷ್ಟೇ ನಡೆದಿದ್ದು."

ಎಷ್ಟು ಅಂದವಾದ ಸುಳ್ಳು. ಯಾಕೀಮ್ ಹಿರೀಸಭೆಯಲ್ಲಿ ಬೆವರುವ ಸುಳ್ಳರನ್ನು ಕಂಡಿದ್ದ, ಅಳುವ ಸುಳ್ಳರನ್ನು ಕಂಡಿದ್ದ. ಚಿಕ್ಕ ತಪ್ಪೊಂದನ್ನು ಒಪ್ಪಿಕೊಂಡು ಅದರ ಹಿಂದೆ ದೊಡ್ಡದನ್ನು ಬಚ್ಚಿಡುವವನನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ತಗ್ಗಿಸಿದ ಆ ತಲೆ, ಎದೆಯ ಮೇಲಿಟ್ಟ ಆ ಕೈ, ಎಲ್ಲವೂ ಹೇಳಿ ಮಾಡಿಸಿದ ಹಾಗಿತ್ತು.

"ನಡ್ಕೊಂಡು ಹೋದ್ನಾ?"

"ಇಲ್ಲ, ರೆಕ್ಕೆ ಕಟ್ಕೊಂಡು ಹೋದ. ಏನು ಕೇಳ್ತೀರಿ!"

"ಅಂಗಾಲಲ್ಲಿ ಧೂಳಿಲ್ಲ. ಚಪ್ಪಲಿ ವಾರು ಕಟ್ಟಿದ್ದು ಅವನಲ್ಲ, ಎದುರಿಗೆ ಕೂತೋರು. ಬದುಕಿರೋನು ತನ್ನ ಚಪ್ಪಲಿ ತಾನು ಕಟ್ಕೋತಾನೆ, ಯಜಮಾನ್ರೇ. ಬಿದ್ದಲ್ಲಿ ರಕ್ತ ಇಲ್ಲ. ಅವನು ನಿಮ್ಮ ಮನೆಗೆ ನಡ್ಕೊಂಡು ಬಂದ. ಹೋಗಿದ್ದು ಮಾತ್ರ ಬೇರೆಯವರ ಮೇಲೆ."

ಶೆಫತ್ಯ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದ.

"ರಬ್ಬಿ ಯಾಕೀಮ್," ಎಂದ ಶೆಫತ್ಯ. ದನಿ ಈಗ ಬೆಣ್ಣೆಯಾಗಿತ್ತು. "ಹಿರೀಸಭೇಲಿ ನೀವು ಕೂರೋದು ಎಲ್ಲಿ? ತೀರಾ ಕೊನೇಲಿ ಅಲ್ವಾ? ಪೆಲತ್ಯನವರು ಮನಸ್ಸು ಮಾಡಿದ್ರೆ ಮುಂದಕ್ಕೆ ಬರಬಹುದು. ಅವರೇ ಮನಸ್ಸು ಮಾಡಿದ್ರೆ, ಹೆಣ ಮೂಸೋ ಹುಚ್ಚ ಅಂತ ವಾಪಸ್ಸು ಮನೆಗೂ ಹೋಗಬಹುದು."

"ಅಷ್ಟೇನಾ?"

"ಇನ್ನೂ ಇದೆ. ಸಾಕ್ಷಿ ತನ್ನಿ. ಇಬ್ಬರು. ಕಣ್ಣಾರೆ ಕಂಡೋರು. ಧರ್ಮಶಾಸ್ತ್ರ ನನಗಿಂತ ನೀವೇ ಚೆನ್ನಾಗಿ ಓದಿದ್ದೀರಿ. ಇಲ್ಲದಿದ್ರೆ ಏನು ಮಾಡ್ತೀರಿ, ಸತ್ತವನ ಕಾಲಿನ ವಾಸನೇನ ಗಂಟು ಕಟ್ಕೊಂಡು ಹೋಗಿ ಎಪ್ಪತ್ತು ಜನರ ಮುಂದೆ ಬಿಚ್ತೀರಾ?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಬ್ಬರು ಸಾಕ್ಷಿಗಳ ಕಟ್ಟಳೆ ಅದು. ನಿರಪರಾಧಿಯನ್ನು ಕಾಯಲೆಂದು ಹಿರಿಯರು ಎಷ್ಟೋ ತಲೆಮಾರು ಕೂತು ಕಟ್ಟಿದ ಬೇಲಿ. ಇವನು ಅದರೊಳಗೆ ಹಾಸಿಗೆ ಹಾಸಿಕೊಂಡು ಮಲಗಿದ್ದ.

"ಹಾಗಾದ್ರೆ ಕೈ ತೊಳೀಬೇಡಿ," ಎಂದ ಯಾಕೀಮ್. "ಅಷ್ಟಾದ್ರೂ ಬಿಡಿ. ಈ ಮನುಷ್ಯ ನಮ್ಮ ಹತ್ತಿರ ಬರಲೇ ಇಲ್ಲ, ಅವನನ್ನ ನಾವು ಒಂಟಿಯಾಗಿ ಕಳಿಸಲೇ ಇಲ್ಲ ಅಂತ ದೇವರ ಮುಂದೆ ಹೇಳೋ ಮಾತು ಅದು."

"ನೀರು ಊರಿಂದು, ಕೈ ನಂದು," ಎಂದು ಶೆಫತ್ಯ ಒಳಗೆ ಹೋದ.

ಯಾಕೀಮ್ ಗೋಡೆಗೆ ಕೈಕೊಟ್ಟು ಬಗ್ಗಿದ. ಹುಳಿನೀರು ಬಿಟ್ಟು ಏನೂ ಬರಲಿಲ್ಲ. ನಿನ್ನೆ ಈ ಮನೆಯ ಮಾಂಸವನ್ನು ಎರಡನೇ ಸಲ ಹಾಕಿಸಿಕೊಂಡು ತಿಂದಿದ್ದ. ಅದು ಆಗಲೇ ಅರಗಿ ತನ್ನ ಮೈಯಲ್ಲಿ ಸೇರಿಹೋಗಿದೆಯಲ್ಲ ಎಂದು ಹೇಸಿಗೆಯಾಯಿತು.

ಪೆಲತ್ಯ ಬೆರಳು ನೆಕ್ಕುತ್ತ ಹೊರಗೆ ಬಂದು ಮಾರು ದೂರ ನಿಂತ. "ಏನಯ್ಯಾ ಅದು, ಉಂಡ ಮನೆ ಯಜಮಾನನ ಜೊತೆ ಜಗಳ?"

"ಕೊಲೆ ಆಗಿದ್ದು ಇದೇ ಮನೇಲಿ, ಗುರುಗಳೇ. ನನಗೆ ಒಂದು ದಿನ ಕೊಡಿ."

"ಸಾಕ್ಷಿ?"

"ಹುಡುಕ್ತೀನಿ."

"ಸಾಕ್ಷಿ ಇಲ್ಲ ಅಂದ್ರೆ ಕೊಲೆ ಇಲ್ಲ. ಹೆಣ ಅಷ್ಟೆ. ಹೆಣಕ್ಕೆ ಕಡಸು ಇದೆ." ಪೆಲತ್ಯ ಹಲ್ಲಿನ ಸಂದಿಯಿಂದ ಮಾಂಸದ ನಾರು ಎಳೆದ. "ನಾಳೆ ಸಂಜೆಗೆ ಸಬ್ಬತ್, ದಾರಿ ನಡೆಯೋ ಹಾಗಿಲ್ಲ. ಈಗಲೇ ಮುಗಿಸಿ ಹೊರಡೋಣ. ಕೊಂದೋನು ಮುಂದೆ ಎಂದಾದ್ರೂ ಸಿಕ್ಕಿದ್ರೆ ಆಗಲೂ ಶಿಕ್ಷೆ ಇದ್ದೇ ಇದೆ."

"ಕೈ ತೊಳೆದಾದ ಮೇಲೆ ಹುಡುಕೋರು ಯಾರು?"

ಪೆಲತ್ಯ ತನ್ನ ಕತ್ತೆ ಕಟ್ಟಿದ್ದ ಕಡೆಗೆ ನಡೆದ.

ಕಲ್ಲುಹಳ್ಳ ಊರಿನ ಪಶ್ಚಿಮಕ್ಕಿತ್ತು. ನೇಗಿಲು ಕಾಣದ ಕಡಿದಾದ ತಗ್ಗು. ನಡುವೆ ತೆಳ್ಳಗೆ ನೀರು. ಊರೆಲ್ಲ ಎರಡೂ ದಡದಲ್ಲಿ ನೆರೆದಿತ್ತು. ಯಾಜಕರು ನೆರಳಿನಲ್ಲಿ ನಿಂತಿದ್ದರು. ಹಿರಿಯರು ಸಾಲಾಗಿ ಬಂಡೆಗಳ ಮೇಲೆ ನಿಂತು ತೋಳು ಮಡಿಸಿಕೊಂಡಿದ್ದರು, ಒಬ್ಬ ಆಕಳಿಸಿದ. ಶೆಫತ್ಯನ ಮನೆಯಿಂದ ಕೈ ಒರೆಸಲು ಬೆಳ್ಳಗೆ ಒಗೆದ ನಾರುಬಟ್ಟೆಗಳು ಬಂದಿದ್ದವು, ತಟ್ಟೆಯಲ್ಲಿ ಮಡಿಸಿಟ್ಟು, ಮೇಲೊಂದು ಪುದೀನದ ಎಲೆ ಇಟ್ಟು. ಮದುವೆ ಮನೆಯ ಹಾಗೆ.

ಕಡಸಿನ ಕಾಲು ಕಟ್ಟಿ ಕೆಡವಿದ್ದರು. ಅದರ ಹಿಂದೆ ಕೊಡಲಿ ಹಿಡಿದು ನಿಂತಿದ್ದವನು ಅಸಾಯ. ಊರಿನ ಹಿರಿಯನ ಮಗನೇ ಮಾಡಲಿ ಎಂದು ಶೆಫತ್ಯ ಅವನನ್ನು ನಿಲ್ಲಿಸಿದ್ದ. ಗಡ್ಡ ಬಲಿತ, ಎತ್ತಿನಂಥ ಆಳು. ಕಣ್ಣು ಕೆಂಪಾಗಿದ್ದವು. ತಲೆ ತಗ್ಗಿಸಿಕೊಂಡೇ ನಿಂತಿದ್ದ. ನಿನ್ನೆ ಕಾಲು ತೊಳೆಯುವಾಗಲೂ ಅವನು ಒಮ್ಮೆಯೂ ತಲೆ ಎತ್ತದೇ ಇದ್ದದ್ದು ಯಾಕೀಮ್‌ಗೆ ಈಗ ನೆನಪಾಯಿತು. ಆಗ ಭಕ್ತಿ ಎಂದುಕೊಂಡಿದ್ದ.

"ಶುರು ಮಾಡಿ," ಎಂದ ಪೆಲತ್ಯ.

ಯಾಕೀಮ್ ಜನರಿಂದ ದೂರ ಒಂದು ಬಂಡೆಯ ಮೇಲೆ ಹತ್ತಿ ನಿಂತು ಕೂಗಿದ. "ಕೊಡಲಿ ಏಳೋ ಮುಂಚೆ ಕೇಳಿ! ಕೊಂದೋನನ್ನ ನಾನು ಬಲ್ಲೆ, ಕಂಡೆ ಅಂತ ಒಬ್ಬರು ಹೇಳಿದ್ರೂ ಸಾಕು, ಕಡಸಿನ ಕಟ್ಟು ಬಿಚ್ಚಬೇಕು. ಇಬ್ಬರು ಬೇಡ. ಗಂಡಸೇ ಆಗಬೇಕು ಅಂತಿಲ್ಲ. ಹೆಣ್ಣಾದ್ರೂ ಸರಿ, ಆಳಾದ್ರೂ ಸರಿ. ಇಲ್ಲಿ ಆ ಮಾತು ನಡೆಯುತ್ತೆ!"

ಪೆಲತ್ಯನ ಮುಖ ಗಂಟಾಯಿತು. "ಯಾಕೆ ಬೇಕಿತ್ತು ಇದು?"

"ಶಾಸ್ತ್ರ ಅದೇ ತಾನೇ," ಎಂದ ಮುದುಕ ನಹೂಮ್, ಅಚ್ಚರಿಪಟ್ಟವನಂತೆ. "ಸರಿಯಾಗೇ ಹೇಳಿದಾನೆ."

ಬಂಡೆಗಳ ಮೇಲಿನ ಹಿರಿಯರು ಆಕಾಶ ನೋಡಿದರು. ಶೆಫತ್ಯ ಮಗನಿಗೆ ಕಣ್ಸನ್ನೆ ಮಾಡಿದ. ಅಸಾಯ ಕೊಡಲಿ ಎತ್ತಲು ಹೋದ. ಅರ್ಧಕ್ಕೆ ತೋಳು ಸೋತು ಕೆಳಗಿಳಿಯಿತು.

"ನಾನು ಕಂಡೆ," ಎಂದಳು ಹೊಗ್ಲಾ.

ಜನ ಬಾಯಿಬಿಟ್ಟು ನಕ್ಕರು. "ಬಂದ್ಲಪ್ಪ! ಕಡಸಿನ ತಾಯಿ ಬಂದ್ಲು!" "ಕಣ್ಣು ಮಂಜು ಅಂತಿದ್ಲು ಬೆಳಿಗ್ಗೆ, ಈಗ ಗರುಡನ ಕಣ್ಣು ಬಂತಾ?" "ಕಡಸು ಹೋಗುತ್ತೆ ಅಂದ್ರೆ ನನ್ನ ಗಂಡನೇ ಎದ್ದು ಬಂದು ಕೊಂದ ಅಂತಾಳೆ ಅವಳು!"

"ಕೇಳಿದ್ರಾ ರಬ್ಬಿ?" ಶೆಫತ್ಯ ಪೆಲತ್ಯನ ಕಡೆ ತಿರುಗಿದ. "ದನಕ್ಕೋಸ್ಕರ ಮನುಷ್ಯನ ಮೇಲೆ ಹೇಳೋ ಮಾತು."

ಹೊಗ್ಲಾ ನೀರಿಗೆ ಇಳಿದು ನಡೆದುಬಂದಳು. ಜೋಲಾಡುವ ಉಡುಪು ಮಂಡಿಯವರೆಗೆ ನೆನೆಯಿತು. ಕಡಸಿನ ಹತ್ತಿರ ನಿಲ್ಲಲೂ ಇಲ್ಲ, ಅದನ್ನು ದಾಟಿ ಬಂದಳು.

"ಕಡಸು ನನಗೆ ಬೇಡ," ಎಂದಳು. "ಇಟ್ಕೊಳ್ಳಿ. ಕಟ್ಟು ಬಿಚ್ಚಿದ ಮೇಲೆ ದೇವಾಲಯಕ್ಕೆ ಹೊಡ್ಕೊಂಡು ಹೋಗಿ, ಇಲ್ಲಾ ನೀವೇ ಕುಯ್ಕೊಂಡು ತಿನ್ನಿ. ಅದರ ಮುಖ ನಾನಿನ್ನು ನೋಡಲ್ಲ, ದೇವರಾಣೆ. ಈಗ ನಗಿ, ನೋಡೋಣ."

ಯಾರೂ ನಗಲಿಲ್ಲ.

"ಮಾತಾಡು ಅವ್ವಾ," ಎಂದ ಯಾಕೀಮ್.

"ಬೆಳಗಿನ ಜಾವ ಬೀಸೋ ಕಲ್ಲಿನ ಮುಂದೆ ಕೂತಿದ್ದೆ. ಕತ್ತೆ ಹೆಜ್ಜೆ ಕೇಳ್ತು. ಕಿಂಡೀಲಿ ನೋಡ್ದೆ. ಕತ್ತೆ ಮೇಲೆ ಮನುಷ್ಯನ್ನ ಅಡ್ಡ ಹಾಕಿತ್ತು, ಜೋಳಿಗೆ ಹಾಕ್ದಂಗೆ. ಒಂದು ಕಾಲಿನ ಚಪ್ಪಲಿ ಬಿದ್ದೋಯ್ತು. ಕತ್ತೆ ಹೊಡೀತಿದ್ದೋನು ನನ್ನ ಬಾಗಿಲ ಮುಂದೇನೇ ಅದನ್ನ ಎತ್ಕೊಂಡು, ಬಗ್ಗಿ, ಸತ್ತೋನ ಕಾಲಿಗೆ ಕಟ್ದ. ಮಗೂಗೆ ಕಟ್ದಂಗೆ, ಮೆಲ್ಲಗೆ ಕಟ್ದ." ಅವಳು ಉಸಿರೆಳೆದುಕೊಂಡಳು. "ಹೇಳಬಾರ್ದು ಅಂತಿದ್ದೆ. ಅವನು ಚಿಕ್ಕೋನಿದ್ದಾಗಿಂದ ನನ್ನ ಒಲೆ ಮುಂದೆ ಕೂತು ರೊಟ್ಟಿ ತಿಂದೋನು. ಆದ್ರೆ ಅವನ ಕೈಲೇ ಕೊಡಲಿ ಕೊಟ್ಟು ನಿಲ್ಲಿಸಿದ್ದೀರಲ್ಲ, ಅದನ್ನ ನೋಡಕ್ಕಾಗ್ಲಿಲ್ಲ. ಎಂಥಾ ಜನರಪ್ಪಾ ನೀವು!"

ಊರೆಲ್ಲ ಅಸಾಯನ ಕಡೆ ತಿರುಗಿತು.

"ಮುದುಕೀಗೆ ತಲೆ ಕೆಟ್ಟಿದೆ," ಎಂದ ಶೆಫತ್ಯ.

"ಇನ್ನೂ ಮುಗೀಲಿಲ್ಲ," ಎಂದಳು ಹೊಗ್ಲಾ. "ಚಪ್ಪಲಿ ಕಟ್ತಾ ಅವನು ಅಳ್ತಿದ್ದ. ಆ ಸತ್ತೋನ ಪಾದಕ್ಕೆ ಹಣೆ ಹಚ್ಚಿ 'ಅಪ್ಪಾ, ಅಪ್ಪಾ' ಅಂತಿದ್ದ. ನಾನು ಈ ಕಿವೀಲಿ ಕೇಳ್ದೆ."

ಕೊಡಲಿ ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು.

ಯಾಕೀಮ್ ಬಂಡೆಯಿಂದ ಇಳಿದ. ಜನ ಮೈಲಿಗೆಗೆ ಹೆದರಿ ಎರಡು ಪಕ್ಕಕ್ಕೂ ಸರಿದು ದಾರಿ ಬಿಟ್ಟರು. ಅಸಾಯನ ಎದುರಿಗೆ ನಿಂತು ಮೆಲ್ಲಗೆ ಕೇಳಿದ. "ನೀನು ಇರಿದ್ಯಾ?"

"ಇಲ್ಲ." ಆ ಎತ್ತಿನಂಥ ಆಳು ಮಗುವಿನ ಹಾಗೆ ಮೂಗು ಒರೆಸಿಕೊಂಡ. "ಹೊತ್ತಿದ್ದು ನಾನು. ಇರಿದಿದ್ದು ನಾನಲ್ಲ. ಅವರ ಕಾಲು ತೊಳೆದಿದ್ದೂ ನಾನೇ. ತೊಳೀವಾಗ ನನ್ನ ತಲೆ ಮೇಲೆ ಕೈಯಿಟ್ಟು, ನನ್ನಮ್ಮ ನನ್ನ ಕರೀತಿದ್ದ ಹೆಸರಿಂದ ಕರೆದ್ರು. ಆ ಹೆಸರು ಈ ಊರಲ್ಲಿ ಯಾರಿಗೂ ಗೊತ್ತಿಲ್ಲ."

"ಯಾರು ಅವರು?"

"ನನ್ನ ಹೆತ್ತ ಅಪ್ಪ. ಅವರ ಹೆಸರು ಶೆಫತ್ಯ." ಅಸಾಯ ತೋಳೆತ್ತಿ ತನ್ನನ್ನು ಸಾಕಿದವನ ಕಡೆ ತೋರಿಸಿದ. "ಇವರು ಯಾರು ಅಂತ ಇವರನ್ನೇ ಕೇಳಿ. ಇವರ ಹೆಸರು ನನಗೂ ಗೊತ್ತಿಲ್ಲ."

ದಡದ ಮೇಲಿನ ಗದ್ದಲ ಒಮ್ಮೆಲೇ ಎದ್ದಿತು. ಬಂಡೆಗಳ ಮೇಲಿದ್ದ ಹಿರಿಯರು ಒಬ್ಬೊಬ್ಬರಾಗಿ ಆ ಬಿಳಿ ಅಂಗಿಯವನಿಂದ ದೂರ ಸರಿದರು. ಇಷ್ಟು ವರ್ಷ ಅವನ ಪಂಕ್ತಿಯಲ್ಲಿ ಉಂಡವರು ಈಗ ಅವನ ಅಂಗಿಯ ಅಂಚು ತಾಗದಂತೆ ತಮ್ಮ ಬಟ್ಟೆ ಎತ್ತಿಕೊಂಡರು. ಯಾಕೀಮ್‌ಗೆ ಅವರ ಮೇಲೂ ಉಗುಳಬೇಕೆನಿಸಿತು.

ಬಿಳಿ ಅಂಗಿಯವನು ಮಾತ್ರ ಓಡಲಿಲ್ಲ. ನೀರಿನಂಚಿಗೆ ಬಗ್ಗಿ, ಏನೂ ಆಗಿಲ್ಲದವನಂತೆ, ಎರಡೂ ಕೈಗಳನ್ನು ಮೊಣಕೈವರೆಗೆ ತೊಳೆದುಕೊಂಡ. ತಟ್ಟೆಯಿಂದ ಬಟ್ಟೆ ತೆಗೆದು ಒಂದೊಂದೇ ಬೆರಳು ಒರೆಸಿದ. ಆಮೇಲೆ ತಲೆಯೆತ್ತಿ ಯಾಕೀಮ್‌ನನ್ನು ದಾಟಿ ಹಿಂದಕ್ಕೆ ನೋಡಿದ.

"ನನ್ನ ಹೆಸರು ಹೇಳಿಬಿಡಲಾ, ಪೆಲತ್ಯ?" ಎಂದ. ರಬ್ಬಿ ಎನ್ನಲಿಲ್ಲ, ಬಹುವಚನ ಬಳಸಲಿಲ್ಲ. "ಇಲ್ಲಾ ನೀನೇ ಹೇಳ್ತೀಯಾ?"

ಯಾಕೀಮ್ ತಿರುಗಿದ.

ಪೆಲತ್ಯನ ಕೈಯಿಂದ ವಿನೆಗರ್ ಬಟ್ಟೆ ಜಾರಿ ನೀರಿಗೆ ಬಿದ್ದು ತೇಲಿಹೋಗುತ್ತಿತ್ತು. ಅವನ ತುಟಿಯ ಮೇಲೆ ಕುರಿಯ ಕೊಬ್ಬು ಇನ್ನೂ ಮಿನುಗುತ್ತಿತ್ತು. ಆ ತುಟಿ ಎರಡು ಸಲ ಅಲುಗಿತು. ನೀನು ಯಾರು ಎಂದು ಅವನು ಕೇಳಲಿಲ್ಲ.

"ಇಲ್ಲಿ ಬೇಡ," ಎಂದ ಪೆಲತ್ಯ.